ಕಣ್ಣಿ ಬಿಚ್ಚದ ವ್ಯಾಪಾರ

೨೮ ಅಕ್ಟೋಬರ್ ೨೦೨೪, ಸೋಮವಾರ

ಇವತ್ತಿನಿಂದ ಬರೆಯುತ್ತೇನೆ. ಬೈಯಬೇಕಾದ್ದನ್ನೆಲ್ಲ ಬಾಯಲ್ಲೇ ಬೈದರೆ ಊರಲ್ಲಿ ಬಾಳುವೆ ಮಾಡುವುದು ಕಷ್ಟ. ಅರ್ಧವನ್ನಾದರೂ ಕಾಗದಕ್ಕೆ ಬೈಯೋಣ.

ಬೆಳಿಗ್ಗೆ ಹಾಲಿನ ಸಂಘದ ಮುಂದೆ ಅಧ್ಯಕ್ಷ ಹೊನ್ನೂರುಸ್ವಾಮಿ ಎಲ್ಲರೆದುರಿಗೆ ಕೇಳಿದ. “ಏನವಾ ಗಂಗಾಂಬಿಕಾ, ಆರು ಲೀಟರ್ ಆಕಳಾ ಇಟ್ಕಂಡು ತಳಿ ಸುಧಾರಣಿ ಮಾಡ್ತೀಯಂತ? ನನ್ನ ಎಚ್ಚೆಫ್ ಹದಿನೆಂಟು ಕೊಡ್ತೈತಿ. ಅದರ ಸಗಣಿ ಒಯ್ದು ನಿನ್ನ ಆಕಳಿಗೆ ಬೊಟ್ಟು ಇಡು, ಸುಧಾರಿಸ್ತೈತಿ.” ಕ್ಯಾನು ಹಿಡಿದು ನಿಂತವರೆಲ್ಲ ನಕ್ಕರು. “ಚರ್ಮಗಂಟು ರೋಗ ಬಂದಾಗ ನಿಮ್ಮ ಕೊಟ್ಟಿಗ್ಯಾಗ ಎಷ್ಟು ಉಳಿದ್ವು, ಅದನ್ನೂ ಹೇಳ್ರಿ ಅಧ್ಯಕ್ಷರ,” ಅಂದೆ. ನಗು ನಿಂತಿತು. ಒಂದೂ ಉಳಿದಿರಲಿಲ್ಲ. ಈ ಸೀಮೆ ತಳಿಯ ಎಚ್ಚೆಫ್ ಆಮೇಲೆ ತಂದದ್ದು.

ಆಕಳಿಗೆ ಸೂಜಿ ಮಾಡುವುದು ಗಂಡಸರ ಕೆಲಸವಂತೆ. ಹೆಣ್ಣಿನ ಕೈಯಿಂದ ವೀರ್ಯದ ಕಡ್ಡಿ ಹಾಕಿಸಿದರೆ ಗಬ್ಬ ನಿಲ್ಲುವುದಿಲ್ಲವಂತೆ. ಆರು ವರ್ಷದ ಹಿಂದೆ ಹಾಗೆ ಹೇಳಿದವರ ಹಿತ್ತಲಲ್ಲೆಲ್ಲ ಈಗ ನಾನು ಹಾಕಿದ ಕಡ್ಡಿಯ ಕರುಗಳು ಕುಣಿಯುತ್ತಿವೆ. ಗಾದಿಗನೂರಿನಿಂದಾಚೆಯ ಈ ಹಳ್ಳಿಗಳಲ್ಲಿ ಬೆದೆಗೆ ಬಂದ ಆಕಳಿಗೆ ಕಡ್ಡಿಗಳನ್ನು ತಣ್ಣಗಿಡುವ ನನ್ನ ನೈಟ್ರೋಜನ್ ಕ್ಯಾನೇ ಗತಿ.

ನನ್ನ ತಲೆಯಲ್ಲಿ ಕೂತಿರುವುದು ಬೇರೆ ವಿಷಯ. ಎರಡು ವರ್ಷದ ಹಿಂದೆ ಚರ್ಮಗಂಟು ಬಂದಾಗ ನಮ್ಮ ಕೊಟ್ಟಿಗೆಯಲ್ಲಿ ಮೂರು ಆಕಳಿದ್ದವು. ಮೂರಕ್ಕೂ ಒಂದೇ ದಿನ ಲಸಿಕೆ ಬಿದ್ದಿತ್ತು. ಎಡಕ್ಕೆ ಕಟ್ಟಿದ್ದು ಸತ್ತಿತು, ಬಲಕ್ಕೆ ಕಟ್ಟಿದ್ದೂ ಸತ್ತಿತು. ನಡುವೆ ನಿಂತ, ಕಿವಿಯೋಲೆ ನಂಬರ್ ೨೦೭ರ ಆಕಳ ಮೈಮೇಲೆ ಒಂದು ಗುಳ್ಳೆ ಕೂಡ ಏಳಲಿಲ್ಲ. ಯಾಕೆ? ಇದಕ್ಕೆ ಉತ್ತರ ಸಿಗುವ ತನಕ ೨೦೭ನ್ನು ಮಾರುವುದಿಲ್ಲ, ಯಾರೇ ನಗಲಿ.

೪ ನವೆಂಬರ್, ಸೋಮವಾರ

ಪಶುವೈದ್ಯ ಕಾಲೇಜಿನ ಡಾಕ್ಟರ್ ಶಂಭುಲಿಂಗ ಇವತ್ತು ಬಂದರು. ನನ್ನ ‘ಯಾಕೆ’ ಕೇಳಿ ನಗದ ಮೊದಲ ಮನುಷ್ಯ. “ಹಾಲು ಅಳಿಯೋರು ಊರ ತುಂಬ ಅದಾರ. ಮೈಯ ಕಾವಲು ಅಳಿಯೋರು ಯಾರೂ ಇಲ್ಲ ನೋಡ್ರಿ,” ಅಂದರು. ಅದನ್ನು ಅಳೆಯುವುದೇ ಅವರ ಸಂಶೋಧನೆ. ಊರಲ್ಲಿ ನಮ್ಮದೂ ಸೇರಿ ಎಂಟು ಮನೆಯವರು ಒಪ್ಪಿದ್ದಾರೆ.

ಮೊದಲ ಸೂಜಿ ಇವತ್ತು ಬಿತ್ತು. ಅದರಲ್ಲಿ ರೋಗವಿಲ್ಲ, ರೋಗದ ವೇಷವಿದೆ. ಕಾವಲುನಾಯಿಗೆ ಬೆದರುಬೊಂಬೆ ತೋರಿಸಿ ಬೊಗಳುತ್ತದೋ ಇಲ್ಲವೋ ನೋಡಿದ ಹಾಗೆ. ಎರಡು ವಾರ ಬಿಟ್ಟು ಬಾಲದ ಬುಡದ ಮಡಿಕೆಯಲ್ಲಿ ಅದನ್ನೇ ಇನ್ನೊಮ್ಮೆ ಚುಚ್ಚುತ್ತಾರೆ. ಕಾವಲು ಚುರುಕಾಗಿದ್ದ ಮೈ ಗುರುತು ಹಿಡಿದು ಅಲ್ಲಿ ಊದುತ್ತದೆ. ಎಷ್ಟು ಊದಿತೆಂದು ಅಳೆಯುವುದು, ರಕ್ತವನ್ನೂ ನೋಡುವುದು. ಎರಡರಲ್ಲೂ ಗೆದ್ದ ಆಕಳಿಗೆ ಕೆಚ್ಚಲು ಬಾವು, ಜ್ವರ ಎಲ್ಲ ಕಡಿಮೆಯಂತೆ. ಗುಣ ಕರುವಿಗೂ ಇಳಿಯುತ್ತದೆಯಾ ಎಂದು ಕೇಳಿದೆ. “ನಾಕಾಣೆ ರಕ್ತದ್ದು, ಹನ್ನೆರಡಾಣೆ ಕೊಟ್ಟಿಗೆದು. ಆದ್ರ ಆರಿಸಿ ಆರಿಸಿ ಕೂಡಿಸಿದ್ರ ಆ ನಾಕಾಣೆ ತಲೆಮಾರಿನಿಂದ ತಲೆಮಾರಿಗೆ ಬೆಳಕೋತ ಹೋಗ್ತೈತಿ,” ಅಂದರು.

ಕಾಲೇಜಿನಲ್ಲಿ ಹೀಗೇ ಪರೀಕ್ಷೆ ಮಾಡಿ ಆರಿಸಿದ ಹೋರಿಯೊಂದಿದೆ. ನಮ್ಮೂರಲ್ಲಿ ಮೇಲೆ ಬಂದ ಆಕಳಿಗೆ ಅದರ ಕಡ್ಡಿ ಒಂದು ಕೊಡುತ್ತಾರೆ. ಆ ಕಡ್ಡಿ ೨೦೭ಕ್ಕೇ ಬರಬೇಕು. ಬರದಿದ್ದರೆ ಎರಡು ವರ್ಷ ಈ ಊರಿನೊಂದಿಗೆ ಆಡಿದ ಜಗಳವೆಲ್ಲ ದಂಡ.

ಊತ ಬರುತ್ತದೆ, ಅದು ರೋಗವಲ್ಲ ಎಂದು ಮನೆಯವರಿಗೆಲ್ಲ ತಿಳಿಸಿ ಎಂದರು. ಏಳು ಮನೆಗೆ ಹೇಳಿ ಬಂದೆ. ನಮ್ಮ ಮನೆಯ ಮುದುಕಿಗೆ ಹೇಳಿ ಏನು ಫಲ? ನನ್ನ ಗಂಡನ ತಾಯಿ ಮುದುಕಮ್ಮ ಇಡೀ ದಿನ ಅಂಗಳದಲ್ಲಿ ಕೂತು ತನ್ನ ಹಳೇ ಹಸಿರು ಸೀರೆ ಹರಿದು ಆಕಳ ಕೊರಳಿಗೆ ಕಣ್ಣಿ ಹೊಸೆಯುತ್ತಿತ್ತು. “ನನ್ನ ಹುಲಿಗಿಗೆ ನೈಲಾನ್ ಹಗ್ಗ ಚುಚ್ಚತೈತಿ,” ಅಂದಿತು. ಹುಲಿಗಿ ಕ್ಷೇತ್ರಕ್ಕೆ ಹೋಗಿ ಬಂದ ದಿನ ೨೦೭ ಹುಟ್ಟಿತೆಂದು ಮುದುಕಿ ಇಟ್ಟ ಹೆಸರು ಹುಲಿಗಿ. ನಾನು ಆಕಳಿಗೆ ಹೆಸರಿಡುವವಳಲ್ಲ. ಹೆಸರಿಟ್ಟರೆ ತಪ್ಪು ಕಾಣುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

೧೯ ನವೆಂಬರ್, ಮಂಗಳವಾರ

ಎರಡನೇ ಸೂಜಿ ಆಯಿತು. ನಾಳೆ ಬೆಳಿಗ್ಗೆ ಡಾಕ್ಟರ ಜೊತೆ ಸಂಡೂರು ಕಡೆಯ ಆಕಳುಗಳಿಗೆ. ಸಂಜೆ ಬಂದು ಇಲ್ಲಿ ಅಳೆಯುವುದು. ನಿದ್ದೆ ಬರುವ ಹಾಗಿಲ್ಲ.

೨೦ ನವೆಂಬರ್, ಬುಧವಾರ

ಮಾರಿಬಿಟ್ಟಿದೆ. ಮುದುಕಿ ಆಕಳನ್ನು ಮಾರಿಬಿಟ್ಟಿದೆ.

ಸಂಡೂರಿನ ಗಣಿ ಗುಡ್ಡಗಳ ನಡುವೆ ಫೋನು ಸಿಗುವುದಿಲ್ಲ. ಸಂಜೆ ಬಂದು ಏಳು ಮನೆ ಅಳೆದು ಎಂಟನೆಯದಾಗಿ ನಮ್ಮ ಕೊಟ್ಟಿಗೆಗೆ ಹೋದರೆ ಗೂಟ ಬರಿದು. ಮುದುಕಿ ಮೂಲೆಯಲ್ಲಿ ಕೂತಿತ್ತು. “ಬಾಲದ ಬುಡಕ್ಕ ಗಂಟು ಬಂದಿತ್ತವಾ. ನಿಂಬಿಕಾಯಿಯಷ್ಟು. ನಿನಗ ಹತ್ತು ಸಲ ಫೋನ್ ಹಚ್ಚಿಸಿದೆ, ಹತ್ತಲಿಲ್ಲ. ಊರಾಗ ಮತ್ತ ಆ ರೋಗ ಎದ್ರ ಯಾರ ಆಕಳೂ ಉಳಿಯಂಗಿಲ್ಲ. ಕಂಪ್ಲಿ ದಲ್ಲಾಳಿ ತಾಯಪ್ಪ ಗಾಡಿ ತಗೊಂಡು ಬಂದಿದ್ದ, ಕೊಟ್ಟುಬಿಟ್ಟೆ. ಗಂಟು ತೋರಿಸೇ ಕೊಟ್ಟೀನಿ, ಮುಚ್ಚಿಟ್ಟಿಲ್ಲ.”

ನಾನು ಏನೇನು ಕೂಗಿದೆನೋ. ಡಾಕ್ಟರು ನಡುವೆ ಬಂದು, “ಇವರಿಗೆ ನೀವು ಹೇಳಿರ್ಲಿಲ್ಲೇನ್ರಿ?” ಎಂದು ಕೇಳಿದರು. ಹೇಳಬೇಕಿತ್ತಂತೆ. ಯಾವ ಲೋಕದಲ್ಲಿ ಸೊಸೆಯ ಮಾತನ್ನು ಅತ್ತೆ ಕೇಳಿದ್ದು?

ಊತ ನಾಳೆ ಸಂಜೆಯ ಮೇಲೆ ಇಳಿಯತೊಡಗುತ್ತದೆ. ಇಳಿದರೆ ಅಳತೆಯಿಲ್ಲ, ಅಳತೆಯಿಲ್ಲದಿದ್ದರೆ ಕಡ್ಡಿಯಿಲ್ಲ. ಡಾಕ್ಟರು ಅಳೆಯುವ ಚಿಮುಟವನ್ನು ನನ್ನ ಕೈಗೆ ಕೊಟ್ಟು, ಅಳೆದು ಫೋಟೊ ಕಳಿಸಿ ಎಂದು ಹೋದರು. ಸಂಡೂರಿನಲ್ಲಿ ಟಿಪ್ಪರ್ ಓಡಿಸುವ ನನ್ನ ಗಂಡ ಕೊಟ್ರಯ್ಯನಿಗೆ, ಅವರು ರಾತ್ರಿ ಗುಡ್ಡ ಇಳಿದ ಮೇಲೆ, ಫೋನ್ ಮಾಡಿದೆ. “ಹೋದದ್ದು ಹೋತು ಬಿಡು, ಆರು ಲೀಟರ್ ಆಕಳು,” ಅಂದರು. ಫೋನ್ ಇಟ್ಟೆ.

ನಾಳೆ ಕಂಪ್ಲಿಗೆ ಹೋಗುತ್ತೇನೆ. ಹೊಳೆ ದಾಟಿದ್ದರೂ ಬಿಡುವುದಿಲ್ಲ.

೨೧ ನವೆಂಬರ್, ಗುರುವಾರ

ಇವತ್ತಿನದನ್ನು ಬರೆಯದೆ ಮಲಗಲಾರೆ.

ಬೆಳಿಗ್ಗೆ ನಾನು ಹೊರಟಾಗ ಮುದುಕಿಯೂ ಚಪ್ಪಲಿ ಮೆಟ್ಟಿಕೊಂಡು ಬಂತು. ಬ್ಯಾಡ ಅಂದೆ. ಹೊಸಪೇಟೆಯಲ್ಲಿ ಕಂಪ್ಲಿ ಬಸ್ಸು ಹತ್ತಿದರೆ ನನಗಿಂತ ಮೊದಲೇ ಹತ್ತಿ ಕೂತಿತ್ತು. ಬತ್ತದ ಗದ್ದೆ ಶುರುವಾದ ಮೇಲೆ ಮೆಲ್ಲಗೆ ಕೇಳಿತು. “ಆ ಗಂಟು ರೋಗದ್ದಲ್ಲೇನು ಹಂಗಾರ?” ಸಿಟ್ಟಿನಲ್ಲೇ ಹೇಳತೊಡಗಿದೆ. ಬೆದರುಬೊಂಬೆ, ಕಾವಲುನಾಯಿ, ನಾಕಾಣೆ, ಎಲ್ಲ. ನಡುನಡುವೆ ಪ್ರಶ್ನೆ ಕೇಳಿದರು. ಹಾಗಾದರೆ ಊತ ಬಾರದ ಆಕಳಿಗೆ ಏನು ಗತಿ, ಊದಿದ್ದಕ್ಕೆ ನೋವಾಗುತ್ತದಾ, ಹೋರಿಗೂ ಹೀಗೆ ನೋಡುತ್ತಾರಾ. ನನ್ನ ಟ್ರೇನಿಂಗಿನಲ್ಲಿ ಗಂಡಸರು ಇಷ್ಟು ಕೇಳಿದ್ದನ್ನು ನಾನು ಕಂಡಿಲ್ಲ. ಕೊನೆಗೆ ಅಂದರು: “ಸತ್ತ ಎರಡನ್ನೂ ನಾನ ಬೇವಿನ ಸೊಪ್ಪಿನ ನೀರಾಗ ತೊಳದೀನಿ ಗಂಗಾ. ಆ ಗಂಟು ಕಂಡ್ರ ನನಗ ಮತ್ತೇನೂ ಕಾಣಂಗಿಲ್ಲ.”

ತಾಯಪ್ಪನ ಕೊಟ್ಟಿಗೆ ಅಕ್ಕಿ ಗಿರಣಿಯ ಹಿಂದೆ, ಕಾಲುವೆ ದಂಡೆಗೆ. ಹತ್ತಾರು ದನಗಳ ನಡುವೆ ಹಸಿರು ಕಣ್ಣಿ ಕಂಡಿತು. “ಹುಲಿಗೀ” ಎಂದು ಅತ್ತೆ ಕೂಗಿದ್ದೇ ತಡ, ಅದು ತಲೆಯೆತ್ತಿ ಕೂಗಿತು. ತಾಯಪ್ಪ ಬೇವಿನಕಡ್ಡಿ ಅಗಿಯುತ್ತ ಹೊರಗೆ ಬಂದ. ಮಾರಿದ ಆಕಳನ್ನು ಹಿಂದಕ್ಕೆ ಕೊಡು ಎಂದು ಕೇಳಿದೆವು. ರೋಗದ ಆಕಳು, ಅವನಿಗೂ ತಲೆನೋವು. “ಆಗ್ಲಿ, ರೊಕ್ಕ ಕೊಟ್ಟು ಹೊಡಕಂಡು ಹೋಗ್ರಿ,” ಅಂದ.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಮುಗಿದಿತ್ತು. ಆದರೆ ನನಗೆ ಅಳತೆಯ ಧ್ಯಾನ. ಬಾಲ ಎತ್ತಿ ಚಿಮುಟ ಹಚ್ಚಿದೆ. ಏಳು ಮನೆಯ ಯಾವ ಆಕಳಲ್ಲೂ ಅಷ್ಟು ಬಂದಿರಲಿಲ್ಲ. ಹತ್ತಿರಕ್ಕೂ ಬಂದಿರಲಿಲ್ಲ. “ಅತ್ತೀ, ಎಲ್ಲಕ್ಕಿಂತ ದಪ್ಪ! ಊರಾಗ ಇಂಥ ಆಕಳ ಇನ್ನೊಂದಿಲ್ಲ!” ಎಂದು ಕಿರುಚಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ತಾಯಪ್ಪ ಬೇವಿನಕಡ್ಡಿ ಉಗಿದ. “ಹಂಗಾರ ಇದು ರೋಗದ್ದಲ್ಲ. ಏನೋ ಭಾಳ ದೊಡ್ಡ ಆಕಳ ಐತಿ. ಕೊಡಂಗಿಲ್ಲಮ್ಮ. ನಾಳೆ ಹೊಳಿ ಆಚಿ ಗಿರಾಕಿ ಬರ್ತಾನ.” ನಾನು ಪೊಲೀಸು ಅಂದೆ, ಕಾಲೇಜು ಅಂದೆ, ಡಾಕ್ಟರು ಅಂದೆ. “ಯಾರನ್ನ ಬೇಕಾದ್ರೂ ಕರ್ಕಂಡ್ ಬಾ. ಕೊಟ್ಟೋರು ಕೊಟ್ಟಾರ, ತಗೊಂಡೋನು ತಗೊಂಡೀನಿ,” ಎಂದು ನಕ್ಕ. ಗಿರಣಿಯ ಹಮಾಲರು ನೋಡಲು ನೆರೆದರು. ನನಗೆ ಅಳು ಬಂತು. ಜನರೆದುರು ಅಳುವುದೆಂದರೆ ನನಗೆ ಸಾವು.

ಆಗ ಅತ್ತೆ ಆಕಳ ಹತ್ತಿರ ಹೋಗಿ ಅದರ ಕೊರಳಿಗೆ ಕೈ ಇಟ್ಟರು. “ತಾಯಪ್ಪ, ಈ ಕಣ್ಣಿ ಯಾರದು?”

“ನಿಮ್ದ.”

“ಇದನ್ನ ಬಿಚ್ಚಿ ನನ್ನ ಕೈಯಾಗ ಕೊಟ್ಟೀಯೇನು?”

ಅತ್ತೆ ಹಮಾಲರ ಕಡೆ ತಿರುಗಿದರು. “ನೀವಾದ್ರೂ ಹೇಳ್ರಪ್ಪಾ. ಆಕಳಾ ಕೊಟ್ಟೋರು ಕಣ್ಣಿ ಬಿಚ್ಚಿ ಮನಿಗೆ ಒಯ್ತಾರ, ತಗೊಂಡೋರು ತಮ್ಮ ಹಗ್ಗ ಹಾಕ್ತಾರ. ಕಣ್ಣಿ ಕೈಗೆ ಬರದ ಮ್ಯಾಲ ವ್ಯಾಪಾರ ಮುಗೀತೇನು? ನಾ ರೊಕ್ಕ ತಗೊಂಡೀನಿ, ಖರೆ. ಕಣ್ಣಿ ಬಿಚ್ಚಿಲ್ಲ.”

“ಅವೆಲ್ಲ ಹಳೇ ಕಾಲದ್ದು ಬಿಡಮ್ಮ,” ಅಂದ ತಾಯಪ್ಪ. ಆದರೆ ದನಿ ಇಳಿದಿತ್ತು. ಹಮಾಲರಲ್ಲಿ ಒಬ್ಬ ಹಿರಿಯ, “ಆಯಮ್ಮ ಹೇಳೋದು ಖರೆ ಐತಿ,” ಅಂದ. ಗದ್ದಲಕ್ಕೆ ಒಳಗಿನಿಂದ ತಾಯಪ್ಪನ ತಾಯಿ ಹಂಪಮ್ಮ ಕೋಲೂರಿಕೊಂಡು ಬಂದಳು. ಕೊರಳ ಕಣ್ಣಿ ನೋಡಿದಳು, ಮಗನನ್ನು ನೋಡಿದಳು. “ಮಂದಿ ಕಣ್ಣಿ ಸಮೇತ ಆಕಳಾ ತಂದು ನನ್ನ ಮನ್ಯಾಗ ಕಟ್ಟೀಯೇನಲೇ? ಕೊಟ್ಟೋರ ಜೀವ ಅದರಾಗ ಇರ್ತೈತಿ. ಇಂಥ ಆಕಳ ನಮ್ಮ ಕೈಯಾಗ ನಿಂದ್ರಂಗಿಲ್ಲ. ಹೊಡದು ಕಳಿಸು ಮೊದ್ಲ, ಜಲ್ದಿ!”

ದಲ್ಲಾಳಿ ಯಾರಿಗೂ ಹೆದರದಿದ್ದರೂ ಅವ್ವನಿಗೆ ಹೆದರುತ್ತಾನೆ. ಅತ್ತೆ ಸೆರಗಿನ ತುದಿಯ ಗಂಟು ಬಿಚ್ಚಿದರು. ಅವನು ಕೊಟ್ಟ ಹಣ ಮಡಿಕೆ ಕೂಡ ಕದಲದೆ ಹಾಗೇ ಇತ್ತು.

ಬಾಡಿಗೆ ಗಾಡಿಯಲ್ಲಿ ಹುಲಿಗಿಯ ಜೊತೆ ಹಿಂದೆಯೇ ನಿಂತು ಬಂದೆವು. ಹೊಸಪೇಟೆ ದಾಟಿದ ಮೇಲೆ ಕೇಳಿದೆ. “ನಿನ್ನೆ ಕಣ್ಣಿ ಬಿಚ್ಚೋದು ಮರತ್ರೇನ್ರಿ?”

“ಮರೀಲಿಲ್ಲ. ಬಿಚ್ಚಾಕ ಕೈ ಬರ್ಲಿಲ್ಲ,” ಅಂದರು.

೨೨ ನವೆಂಬರ್, ಶುಕ್ರವಾರ

ಸೂಜಿ ಚುಚ್ಚಿಸಿಕೊಂಡ ಆಕಳ ಹಾಲನ್ನು ಸಂಘಕ್ಕೆ ಹಾಕಿಸಿಕೊಳ್ಳುವುದಿಲ್ಲವಂತೆ. ಗಂಗಾಂಬಿಕಾ ಊರಿಗೆ ಗಂಟುರೋಗ ತಂದಿದ್ದಾಳೆ, ಅವಳತ್ತೆಯೇ ಹೆದರಿ ಆಕಳು ಮಾರಿದ್ದಳು ಎಂದು ಹೊನ್ನೂರುಸ್ವಾಮಿ ಡಂಗುರ ಹೊಡೆದಿದ್ದಾನೆ. ಏಳು ಮನೆಯವರೂ ಕ್ಯಾನು ಹಿಡಿದು ಮುಖ ಬಾಡಿಸಿ ನಿಂತಿದ್ದರು. ಅವರಲ್ಲಿ ಭೀಮವ್ವನಂತೂ ನನ್ನನ್ನು ನೋಡಲೇ ಇಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕೈಯಿಂದ ಕ್ಯಾನು ಕಿತ್ತುಕೊಂಡು ಒಂದು ಲೋಟ ಹಾಲು ಬಗ್ಗಿಸಿ ಎಲ್ಲರೆದುರು ಗಟಗಟ ಕುಡಿದರು. ಹಸಿಹಾಲು ಕುಡಿಯಬಾರದೆಂದು ಊರಿಗೆಲ್ಲ ಹೇಳುವವಳು ನಾನು. ಇವತ್ತು ಹೇಳಲಿಲ್ಲ. “ಹೌದು, ಹೆದರಿ ಮಾರಿದ್ದೆ. ನನಗ ಗೊತ್ತಿರ್ಲಿಲ್ಲ, ಈಗ ಗೊತ್ತಾಗೈತಿ,” ಎಂದು ಶುರುಮಾಡಿದರು. “ಹೊಲದಾಗ ಬೆದರುಬೊಂಬಿ ನಿಲ್ಲಿಸ್ತೀವಿ. ಅದನ್ನ ಕಂಡು ನಾಯಿ ಬೊಗಳಿದ್ರ ಊರಿಗೆ ಕಳ್ಳ ಬಂದ ಅಂತೀರೇನು? ನಾಯಿ ಎಚ್ಚರ ಐತಿ ಅಂತೀವಿ. ನನ್ನ ಹುಲಿಗಿ ಎಚ್ಚರ ಅದಾಳ. ಹೊನ್ನೂರುಸ್ವಾಮಿ, ನಿನ್ನ ಎಚ್ಚೆಫ್‌ಗೂ ಒಂದು ಸೂಜಿ ಮಾಡಿಸು. ಬೊಗಳತೈತೋ ಮಲಗಿರ್ತೈತೋ ನೋಡೂಣು.”

ಹಾಲು ಹಾಕಿಸಿಕೊಳ್ಳಲಿಲ್ಲ. ಆದರೂ ಹೊಟ್ಟೆ ತುಂಬಿದ ಹಾಗಾಯಿತು.

೨೫ ನವೆಂಬರ್, ಸೋಮವಾರ

ಚಿತ್ತವಾಡ್ಗಿಯಲ್ಲಿ ಚಹಾ ಅಂಗಡಿಯ ಜಂಬಕ್ಕ ಎಲ್ಲಾ ಎಂಟು ಮನೆಯ ಹಾಲೂ ತಗೊಳ್ಳುತ್ತೇನೆ ಎಂದಿದ್ದಾಳೆ. ಬೆಳಿಗ್ಗೆ ಸ್ಕೂಟರಿನ ಮುಂದೆ ನೈಟ್ರೋಜನ್ ಕ್ಯಾನು, ಹಿಂದೆ ಹಾಲಿನ ಕ್ಯಾನು. ಸಂಘ ತನ್ನ ಬಾಗಿಲು ತಾನೇ ಕಾಯಲಿ.

ಅತ್ತೆ ಮಧ್ಯಾಹ್ನವೆಲ್ಲ ಆ ಏಳು ಮನೆಗಳಿಗೆ ಹೋಗಿ ಊತ ಇಳಿಯಿತಾ ಎಂದು ಬಾಲ ಎತ್ತಿ ನೋಡಿ ಬರುತ್ತಾರೆ. ಭೀಮವ್ವ ನಾಲ್ಕು ಕುಂಬಳಕಾಯಿ ಕಳಿಸಿದ್ದಾಳೆ.

೨೮ ನವೆಂಬರ್, ಗುರುವಾರ

ರಕ್ತದಲ್ಲೂ ಹುಲಿಗಿಯೇ ಮೇಲೆ. ಡಾಕ್ಟರು ನಿನ್ನೆ ಕಡ್ಡಿ ಕೊಟ್ಟು ಹೋದರು. ಆ ಹೋರಿಯ ತಾಯಿ ಒಳ್ಳೆಯ ಹಾಲಿನ ಆಕಳಂತೆ. ಹುಟ್ಟುವ ಕರುವಿಗೆ ತಂದೆ ಕಡೆಯಿಂದ ಹಾಲು, ಎರಡೂ ಕಡೆಯಿಂದ ಕಾವಲು. ಇವತ್ತು ಬೆಳಗಿನ ಜಾವದಿಂದಲೇ ಹುಲಿಗಿ ಬೆದೆಗೆ ಬಂದು ಕೂಗುತ್ತಿದ್ದಳು. ಸಂಜೆ ಕಡ್ಡಿ ಹಾಕಿದೆ. ಅತ್ತೆ ಅವಳ ಮುಖ ಹಿಡಿದು ನಿಂತಿದ್ದರು. ಸಾವಿರಾರು ಆಕಳಿಗೆ ಹಾಕಿದವಳು, ಇವತ್ತು ಕಡ್ಡಿಯ ನಂಬರನ್ನು ಎರಡು ಸಲ ಓದಿ ನೋಡಿದೆ.

೨೨ ಫೆಬ್ರವರಿ ೨೦೨೫, ಶನಿವಾರ

ಹುಲಿಗಿಗೆ ಗಬ್ಬ ನಿಂತಿದೆ. ಪರೀಕ್ಷೆಗೆ ಒಳಗೆ ಹಾಕಿದ ಕೈ ಹೊರಗೆ ತೆಗೆಯುವ ಮೊದಲೇ ಅತ್ತೆ ನನ್ನ ಮುಖ ನೋಡಿ ತಿಳಿದುಕೊಂಡರು.

೧೮ ಜುಲೈ, ಶುಕ್ರವಾರ

ಹೊನ್ನೂರುಸ್ವಾಮಿಯ ಎಚ್ಚೆಫ್‌ಗೆ ಕೆಚ್ಚಲು ಬಾವು. ಹಾಲಿನಲ್ಲಿ ರಕ್ತ. ಡಾಕ್ಟರು ಬೇರೆ ಊರಲ್ಲಿದ್ದರು. ಅವನೇ ನಮ್ಮ ಬಾಗಿಲಿಗೆ ಬಂದು ನಿಂತಿದ್ದ, ಒಳಗೆ ಬರಲಿಲ್ಲ. ಹೋಗಿ ಕೆಟ್ಟ ಹಾಲು ಪೂರ್ತಿ ಹಿಂಡಿ ತೆಗೆದೆ, ಡಾಕ್ಟರು ಬರುವ ತನಕ ಇದ್ದೆ. ಒಂದು ಮೊಲೆ ಹೋಯಿತು, ಮೂರು ಉಳಿದವು. ಅವನು ಆಕಳ ಬೆನ್ನು ಸವರುತ್ತ ಅಳುತ್ತಿದ್ದ. ಮನೆಗೆ ಬಂದಾಗ ಅತ್ತೆ ರೊಟ್ಟಿ ಬಿಸಿ ಮಾಡಿಟ್ಟಿದ್ದರು.

ಬರುವ ವಾರದಿಂದ ಸಂಘಕ್ಕೆ ಹಾಲು ಹಾಕಿ ಎಂದಿದ್ದಾನೆ. ಜಂಬಕ್ಕನ ಪಾಲು ಜಂಬಕ್ಕನಿಗೆ ಕೊಟ್ಟೇ ಹಾಕುವುದು ಎಂದೆವು.

೫ ಸೆಪ್ಟೆಂಬರ್, ಶುಕ್ರವಾರ

ಹುಲಿಗಿ ಈದಿದ್ದಾಳೆ. ಗಂಡು.

ಊರೆಲ್ಲ ಬಂದು ನೋಡಿ ಲೊಚಗುಟ್ಟಿತು. “ಇಷ್ಟೆಲ್ಲ ಮಾಡಿ ಗಂಡು ಕರ! ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ.” ಕೊಟ್ರಯ್ಯ ಕೂಡ ಸಂಡೂರಿನಿಂದ ಫೋನಿನಲ್ಲಿ “ಅಯ್ಯೋ” ಅಂದರು. ನಮ್ಮ ಅತ್ತೆ ಕರುವಿನ ಮೈ ಒರೆಸುತ್ತ, “ಲೇ ಕೊಟ್ರ್ಯಾ, ಹೆಣ್ಣಾಗಿದ್ರ ನಮ್ಮ ಒಂದ ಕೊಟ್ಟಿಗಿಗೆ ಆಗ್ತಿತ್ತು. ಹೋರಿ ಅಂದ್ರ ಸಾವಿರ ಕೊಟ್ಟಿಗಿಗೆ ಆಗ್ತೈತಿ. ಇಡು ಫೋನು,” ಅಂದರು. ನಾನು ಹೇಳಬೇಕೆಂದಿದ್ದೂ ಅದನ್ನೇ.

ಜಂಬಣ್ಣ ಎಂದು ಹೆಸರಿಟ್ಟೆವು. ಮಿಕ್ಕ ಹಸಿರು ಸೀರೆಯಲ್ಲಿ ಚಿಕ್ಕ ಕಣ್ಣಿ ಹೊಸೆಯುವುದಿದೆ. ನನಗೆ ಇನ್ನೂ ಸರಿಯಾಗಿ ಹುರಿ ಕೂಡಿಸಲು ಬರುವುದಿಲ್ಲ.

೧೮ ಡಿಸೆಂಬರ್, ಗುರುವಾರ

ಜಂಬಣ್ಣ ಹೋದ.

ಹೋದ ವಾರ ಅವನ ಬಾಲದ ಬುಡವೂ ಊದಿ ಗೆದ್ದಿತ್ತು. ಇವತ್ತು ಕಾಲೇಜಿನ ಗಾಡಿ ಬಂತು. ಅಲ್ಲಿ ಬೆಳೆಸಿ, ಇನ್ನೂ ಪರೀಕ್ಷೆಗಳನ್ನು ಮಾಡಿ, ಎಲ್ಲ ಸರಿಯಿದ್ದರೆ ಅವನ ಕಡ್ಡಿಗಳನ್ನು ಹಳ್ಳಿಗಳಿಗೆ ಕೊಡುತ್ತಾರೆ. ಡಾಕ್ಟರು ಕೊರಳ ಕಣ್ಣಿ ಹಿಡಿದು ಎಳೆಯಹೋದರು. “ಅದನ್ನ ಬಿಡ್ರಿ ಡಾಕ್ಟ್ರ. ನಿಮ್ಮ ಹಗ್ಗ ತರ್ರಿ,” ಅಂದರು ಅತ್ತೆ. ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗಾಯಿತು.

ಅತ್ತೆ ಬಗ್ಗಿ ಕಣ್ಣಿಗೆ ಕೈ ಹಾಕಿದರು. ಬೆರಳು ಗಂಟಿನ ಮೇಲೆ ಹಾಗೇ ನಿಂತುಬಿಟ್ಟವು. ಕಣ್ಣಿಂದ ನೀರು. ನಾನು ಹೋಗಿ ಪಕ್ಕದಲ್ಲಿ ಕೂತು ಕೈ ಕೂಡಿಸಿದೆ. ಇಬ್ಬರೂ ಸೇರಿ ಬಿಚ್ಚಿದೆವು.

ನೋಡಲು ಬಂದಿದ್ದ ಹೊನ್ನೂರುಸ್ವಾಮಿ ಗಾಡಿ ಹೊರಟ ಮೇಲೆ ಹತ್ತಿರ ಬಂದ. “ಇದರ ಕಡ್ಡಿ ಬರಾಕ ಎಷ್ಟು ದಿನ ಆಗ್ತೈತವಾ? ಮೊದಲನೇದು ನನ್ನ ಎಚ್ಚೆಫ್‌ನ ಮಗಳು, ಆ ಮಣಕಕ್ಕ ಇಡು.”

“ವರ್ಷ ಎರಡು ವರ್ಷ ಹಿಡಿತೈತಿ,” ಅಂದೆ.

“ಪಾಳಿಗೆ ನಿಂದ್ರು,” ಅಂದರು ಅತ್ತೆ ಕಣ್ಣು ಒರೆಸಿಕೊಳ್ಳುತ್ತ. “ಮೊದ್ಲ ಭೀಮವ್ವಂದು.”

ಹುಲಿಗಿ ಸಂಜೆಯಿಂದ ಕೂಗುತ್ತಿದ್ದಾಳೆ. ಚಿಕ್ಕ ಕಣ್ಣಿಯನ್ನು ಅವಳ ಗೋದಲಿಯ ಮೇಲೆ ಹಾಕಿದ್ದೇವೆ. ಮೂಸಿ ಸುಮ್ಮನಾಗುತ್ತಾಳೆ, ಮತ್ತೆ ಕೂಗುತ್ತಾಳೆ. ಕೂಗಲಿ. ಅವಳ ಹೊಟ್ಟೆಯದು, ಅವಳಿಗೆ ಹಕ್ಕಿದೆ. ಡಾಕ್ಟರು ಇವತ್ತು ಕೊಟ್ಟ ಮುಂದಿನ ಕಡ್ಡಿ ಕ್ಯಾನಿನಲ್ಲಿ ತಯಾರಿದೆ, ಬೆದೆಗೆ ಬಂದ ದಿನ ಹಾಕುತ್ತೇವೆ. ನಗುವವರು ಆಗಲೂ ಬಂದು ನಗಲಿ, ಅಂಗಳದಲ್ಲಿ ಜಾಗ ಬೇಕಾದಷ್ಟಿದೆ.

ಈಗ ಏಳುತ್ತೇನೆ. ಅತ್ತೆ ಕೊಟ್ಟಿಗೆಯಿಂದ ಬಂದರು, ಈಗ ಹುಲಿಗಿಯ ಹತ್ತಿರ ಕೂರುವ ಸರದಿ ನನ್ನದು.